ಗೊಡ್ಡು ಯಾರು? ಬೀಜದ ಹೋರಿಯ ವೀರ್ಯ ಪರೀಕ್ಷೆ, ಒಂದು ಪರಿಚಯ

ಈ ವಿಷಯದ ಮೇಲೆ ಬರೀತೀವಿ ಅಂದಾಗ ಕ್ಲಬ್ ಮೀಟಿಂಗ್‌ನಲ್ಲಿ ಎಲ್ಲರೂ ನಕ್ಕರು. ನಗಲಿ. ನಾವು ಮೂವರೂ ರಾಯಚೂರು ಜಿಲ್ಲೆಯವರು. ಒಬ್ಬರದು ಸಿಂಧನೂರು, ಒಬ್ಬರದು ಲಿಂಗಸುಗೂರು, ಇನ್ನೊಬ್ಬರದು ಮಸ್ಕಿ ಹತ್ತಿರದ ಹಳ್ಳಿ. ನಮ್ಮ ಕಡೆ ದನದ ಕೊಟ್ಟಿಗೆಯಲ್ಲಿ ಈ ಮಾತು ದಿನಾ ಬರುತ್ತೆ, ಅಲ್ಲಿ ಯಾರೂ ನಗಲ್ಲ. ಯಾಕಂದ್ರೆ ಅದು ದುಡ್ಡಿನ ಮಾತು.

ಹೋದ ಬೇಸಿಗೆ ರಜೆಯಲ್ಲಿ ಮಸ್ಕಿ ಕಡೆಯ ಮನೆಯಲ್ಲಿ ಒಂದು ಆಕಳು ಮಾರಿದರು. ಎರಡು ಸಲ ಈದ ಆಕಳು, ಹಾಲೂ ಚೆನ್ನಾಗಿತ್ತು. ಮೂರನೇ ಸಲ ಗಬ್ಬ ನಿಲ್ಲಲಿಲ್ಲ. ಮೂರು ಸಲ ಬೆದೆಗೆ ಬಂತು, ಮೂರು ಸಲವೂ ಸೂಜಿ ಹಾಕಿಸಿದರು, ಮೂರು ಸಲವೂ 21 ದಿನಕ್ಕೆ ಸರಿಯಾಗಿ ತಿರುಗಿ ಬೆದೆಗೆ ಬಂತು. "ಇದು ಗೊಡ್ಡು ಬಿದ್ದೈತಿ ತಮ್ಮಾ, ಸುಮ್ನ ಮೇವು ದಂಡ" ಅಂದು ದೊಡ್ಡಪ್ಪ ಅದನ್ನು ಸಂತೆಗೆ ಹೊಡಕೊಂಡು ಹೋದರು. "ದೊಡ್ಡಪ್ಪಾ, ತಪ್ಪು ಆಕಳದ್ದೇ ಅಂತ ಹೆಂಗ ಗೊತ್ತಾತ್ರೀ? ಹೋರಿದು ಇದ್ದರ?" ಅಂತ ಕೇಳಿದೆವು. ಅವರು ಒಂದು ನಿಮಿಷ ಸುಮ್ಮನಿದ್ದು, "ಹೋರಿ ನೋಡಿದವರು ಯಾರಪ್ಪಾ? ಅದು ಎಲ್ಲಿ ಐತೋ ಏನೋ" ಅಂದರು.

ಈ ಲೇಖನ ಬರೆಯಲು ಕಾರಣ ಆ ಮಾತು. ಕಾಣದ ಹೋರಿಯ ಬಗ್ಗೆ ಮೊದಲೇ ಏನು ತಿಳಿಯಬಹುದು? ಹೇಗೆ ಅಳೀತಾರೆ? ಅಳತೆಯನ್ನು ಎಷ್ಟು ನಂಬಬಹುದು? ನಾವು ಪಶುವೈದ್ಯರಲ್ಲ, ಎಂಜಿನಿಯರಿಂಗ್ ಓದುವವರು. ಅದಕ್ಕೇ ಇದನ್ನು ಒಂದು ಅಳತೆಯ ಸಮಸ್ಯೆಯಾಗಿ ನೋಡೋಣ.

ಹೋರಿ ಒಂದು, ಆಕಳು ಸಾವಿರ

ನಮ್ಮ ಕಡೆ ಕಾರ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಸುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರು ಚಲೋ, ಕೆಂದ ಎತ್ತು ಬಂದರೆ ಮುಂಗಾರು ಚಲೋ ಅಂತ ಹೇಳೋದುಂಟು. ಬೀಜದ ಹೋರಿಯನ್ನೂ ನಾವು ಹೀಗೆಯೇ ಮೇಲಿನಿಂದ ನೋಡುತ್ತೇವೆ: ಕೋಡು, ಡುಬ್ಬ, ಎದೆ, ನಡಿಗೆ. ಆದರೆ ಮೈಕಟ್ಟು ಚೆನ್ನಾಗಿದ್ದರೆ ವೀರ್ಯವೂ ಚೆನ್ನಾಗಿರುತ್ತೆ ಅಂತೇನಿಲ್ಲ.

ಒಂದು ಆಕಳು ಗಬ್ಬ ನಿಲ್ಲದಿದ್ದರೆ ಒಂದು ಮನೆಗೆ ನಷ್ಟ. ಒಂದು ಊರ ಗೂಳಿಯ ವೀರ್ಯ ಕೆಟ್ಟಿದ್ದರೆ ಇಡೀ ಊರಿಗೆ ಒಂದು ವರ್ಷ ಕರು ಇಲ್ಲ. ಕೃತಕ ಗರ್ಭಧಾರಣೆಯಲ್ಲಿ ಒಂದು ಹೋರಿಯ ವೀರ್ಯ ಎಷ್ಟೋ ಜಿಲ್ಲೆಗಳಿಗೆ ಹೋಗುತ್ತೆ, ಹಾಗಾಗಿ ನಷ್ಟದ ಹರವೂ ದೊಡ್ಡದು. ಸಿಂಧನೂರಿನ ಕಾಲುವೆ ಕೆಳಗಿನ ಭತ್ತದ ಊರುಗಳಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾದವು, ಹೋರಿಯೂ ಕಡಿಮೆಯಾದವು. ಅಲ್ಲಿ ಈಗ ಸೂಜಿಯೇ ದಾರಿ. ಲಿಂಗಸುಗೂರಿನ ಒಣಬೇಸಾಯದ ಹಳ್ಳಿಗಳಲ್ಲಿ ಇನ್ನೂ ಹೋರಿಗೆ ಬಿಡುವ ಮನೆಗಳಿವೆ. ಹಾಗಾಗಿ ಎರಡೂ ರೀತಿಯ ಪ್ರಶ್ನೆ ನಮ್ಮಲ್ಲಿದೆ.

ಕರ್ನಾಟಕಕ್ಕೆ ಇದರಲ್ಲಿ ಹಳೆಯ ನಂಟಿದೆ. ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ. ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಆಕಳುಗಳಿಗೆ ಹಾಕಿ ಗಬ್ಬ ನಿಲ್ಲಿಸಿದರು. ಇವತ್ತು ಬೆಂಗಳೂರಿನ ಹೆಸರಘಟ್ಟದಲ್ಲಿ 1969ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಹೆಪ್ಪುಗಟ್ಟಿಸಿದ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ ಇದೆ, ಕೆಎಂಎಫ್‌ನ ನಂದಿನಿ ವೀರ್ಯ ಕೇಂದ್ರವೂ ಅಲ್ಲೇ ಇದೆ.

ವೀರ್ಯಾಣು ತಯಾರಾಗಲು ಎರಡು ತಿಂಗಳು

ಹೋರಿಯ ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು. ಆಮೇಲೆ ಎಪಿಡಿಡಿಮಿಸ್ ಅನ್ನೋ ಸುರುಳಿ ನಾಳದಲ್ಲಿ ಒಂದೆರಡು ವಾರ ಪಕ್ವವಾಗುತ್ತೆ. ಅಂದ್ರೆ ಇವತ್ತು ಹಿಡಿದ ವೀರ್ಯ ಸುಮಾರು 70 ದಿನಗಳ ಹಿಂದೆ ಶುರುವಾದ ಮಾಲು.

ವೃಷಣ ದೇಹದ ಹೊರಗೆ ಇರೋದಕ್ಕೂ ಕಾರಣವಿದೆ. ಅದು ದೇಹಕ್ಕಿಂತ 2ರಿಂದ 6 ಡಿಗ್ರಿ ತಂಪಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತೆ. ಒಳಗೆ ಹೋಗುವ ಬಿಸಿ ರಕ್ತನಾಳದ ಸುತ್ತ ಹೊರಗೆ ಬರುವ ತಂಪು ರಕ್ತನಾಳಗಳು ಬಳ್ಳಿಯಂತೆ ಸುತ್ತಿಕೊಂಡಿರುತ್ತವೆ. ಮೆಕ್ಯಾನಿಕಲ್‌ನವರಿಗೆ ಇದು ಕೂಡಲೇ ಗೊತ್ತಾಗುತ್ತೆ: ಕೌಂಟರ್ ಫ್ಲೋ ಹೀಟ್ ಎಕ್ಸ್‌ಚೇಂಜರ್. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತೆ. ನೆರಳು, ನೀರು ಇಲ್ಲದೆ ನಿಂತ ಹೋರಿಗೆ, ಅಥವಾ ಜ್ವರ ಬಂದ ಹೋರಿಗೆ, ಈ ತಂಪು ಮಾಡುವ ವ್ಯವಸ್ಥೆ ಸಾಲದು. ಏಟು ಮೇ ತಿಂಗಳಲ್ಲಿ ಬಿದ್ದರೆ ಅದರ ಪರಿಣಾಮ ಜುಲೈವರೆಗೂ ಕಾಣಬಹುದು. ಆಗ ಮಳೆ ಬಂದು ಹೋರಿ ಆರಾಮಾಗಿ ಕಾಣುತ್ತಿರುತ್ತೆ, ವೀರ್ಯ ಮಾತ್ರ ಹಳೆಯ ಬಿಸಿಲಿನದು.

ಇದರಿಂದ ಮೊದಲ ಪಾಠ: ಒಂದು ಸಲದ ಪರೀಕ್ಷೆ ಒಂದು ಫೋಟೋ ಇದ್ದಂಗೆ. ಸ್ಯಾಂಪಲ್ ಕೆಟ್ಟದಾಗಿ ಬಂದರೆ ಹೋರಿಯನ್ನು ಕೂಡಲೇ ತೆಗೆದುಹಾಕದೆ ಸುಮಾರು ಎರಡು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಬಯಲಿನ ಎರಿ ಭೂಮಿಗೆಂದೇ ಬೆಳೆಸಿದ ಕೃಷ್ಣಾ ಕಣಿವೆ ತಳಿಯಂಥ ಅಪರೂಪದ ದನದಲ್ಲಿ ಒಂದು ಹೋರಿಯನ್ನು ತಪ್ಪಾಗಿ ಬಿಟ್ಟರೂ ನಷ್ಟ ದೊಡ್ಡದು.

ಮೊದಲು ಹೋರಿ, ಆಮೇಲೆ ಮೈಕ್ರೋಸ್ಕೋಪ್

ಪರೀಕ್ಷೆ ಶುರುವಾಗೋದು ಹೋರಿಯ ಮೈಯಿಂದ. ಕಣ್ಣು, ಹಲ್ಲು, ಕಾಲು, ಗೊರಸು ನೋಡುತ್ತಾರೆ, ಕುಂಟುವ ಹೋರಿ ಆಕಳ ಮೇಲೆ ಹತ್ತಲಾರದು. ಆಮೇಲೆ ವೃಷಣ ಚೀಲದ ಸುತ್ತಳತೆ ಟೇಪ್‌ನಲ್ಲಿ ಹಿಡಿಯುತ್ತಾರೆ. ದೊಡ್ಡ ವೃಷಣ ಅಂದ್ರೆ ಹೆಚ್ಚು ಉತ್ಪಾದನೆ. ಅಮೆರಿಕದ ಥೀರಿಯೋಜೆನಾಲಜಿ ಸೊಸೈಟಿಯ ಮಾನದಂಡದಲ್ಲಿ ಎರಡು ವರ್ಷ ದಾಟಿದ ಹೋರಿಗೆ ಕನಿಷ್ಠ 34 ಸೆಂಟಿಮೀಟರ್ ಇರಬೇಕು. ನಮ್ಮ ಡುಬ್ಬದ ತಳಿಗಳು ತಡವಾಗಿ ಬೆಳೆಯುವುದರಿಂದ ಆ ಅಂಕಿಯನ್ನು ಹಾಗೇ ತಂದು ಇಲ್ಲಿ ಹಚ್ಚೋಕಾಗಲ್ಲ. ವೀರ್ಯ ಕೇಂದ್ರಕ್ಕೆ ಸೇರುವ ಹೋರಿಗೆ ಕ್ಷಯ, ಬ್ರುಸೆಲ್ಲೋಸಿಸ್ ಮುಂತಾದ ರೋಗಗಳ ಪರೀಕ್ಷೆ ಕಡ್ಡಾಯ.

ವೀರ್ಯವನ್ನು ಬಿಸಿನೀರು ತುಂಬಿದ ಕೃತಕ ಯೋನಿಯಲ್ಲಿ ಹಿಡಿಯುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ 4ರಿಂದ 8 ಮಿಲೀ ಬರುತ್ತೆ. ಗಟ್ಟಿ ಹಾಲಿನ ಕೆನೆಯಂತಿದ್ದರೆ ಒಳ್ಳೆಯದು, ನೀರಾಗಿದ್ದರೆ ವೀರ್ಯಾಣು ಕಡಿಮೆ, ಕೆಂಪಾಗಿದ್ದರೆ ರಕ್ತ ಬಂದಿದೆ ಅಂತ ಅನುಮಾನ. ಇದಕ್ಕೆ ಕಣ್ಣು ಸಾಕು. ಮುಂದಿನದಕ್ಕೆ ಉಪಕರಣ ಬೇಕು.

ಎಣಿಕೆ

ರಕ್ತಕಣ ಎಣಿಸುವ ನ್ಯೂಬಾರ್ ಚೇಂಬರ್‌ನಲ್ಲೇ ವೀರ್ಯಾಣುವನ್ನೂ ಎಣಿಸುತ್ತಾರೆ. ವೀರ್ಯವನ್ನು 200 ಪಟ್ಟು ತೆಳು ಮಾಡುತ್ತಾರೆ. ಚೇಂಬರ್‌ನ ನಡುವಿನ ಚೌಕ 1 ಚದರ ಮಿಲಿಮೀಟರ್, ಆಳ 0.1 ಮಿಲಿಮೀಟರ್, ಅಂದ್ರೆ ಮಿಲೀಯ ಹತ್ತು ಸಾವಿರದಲ್ಲಿ ಒಂದು ಪಾಲು. ಅದರಲ್ಲಿ 25 ಮನೆಗಳಿವೆ, 5 ಮನೆ ಮಾತ್ರ ಎಣಿಸುತ್ತಾರೆ. ಹಾಗಾಗಿ ಎಣಿಸಿದ ಸಂಖ್ಯೆಯನ್ನು 5ರಿಂದ, 10,000ದಿಂದ, 200ರಿಂದ ಗುಣಿಸಬೇಕು. ಒಟ್ಟು 1 ಕೋಟಿ. 5 ಮನೆಯಲ್ಲಿ 100 ಸಿಕ್ಕರೆ ಒಂದು ಮಿಲೀಗೆ 100 ಕೋಟಿ ವೀರ್ಯಾಣು. ಒಳ್ಳೆಯ ಹೋರಿಯಲ್ಲಿ ಇದು ಮಾಮೂಲಿ ಅಂಕಿ.

ದಿನಾ ನೂರಾರು ಸ್ಯಾಂಪಲ್ ಎಣಿಸೋಕಾಗಲ್ಲ ಅಂತ ವೀರ್ಯ ಕೇಂದ್ರಗಳಲ್ಲಿ ಫೋಟೋಮೀಟರ್ ಇರುತ್ತೆ. ಸ್ಯಾಂಪಲ್ ಮೂಲಕ ಬೆಳಕು ಹಾಯಿಸಿ ಎಷ್ಟು ದಾಟಿತು ಅಂತ ನೋಡೋದು. ಫಸ್ಟ್ ಇಯರ್ ಕೆಮಿಸ್ಟ್ರಿಯ ಬಿಯರ್ ಲ್ಯಾಂಬರ್ಟ್ ನಿಯಮ ನೆನಪಿಸಿಕೊಳ್ಳಿ. ಒಂದೇ ವ್ಯತ್ಯಾಸ: ಇಲ್ಲಿ ಬೆಳಕು ಹೀರಿಕೊಳ್ಳುವುದಕ್ಕಿಂತ ಚದುರುವುದೇ ಹೆಚ್ಚು. ಅದಕ್ಕೇ ಯಂತ್ರವನ್ನು ಚೇಂಬರ್ ಎಣಿಕೆಯ ಜೊತೆ ಕ್ಯಾಲಿಬ್ರೇಟ್ ಮಾಡಲೇಬೇಕು. ಕ್ಯಾಲಿಬ್ರೇಶನ್ ತಪ್ಪಿದರೆ ಪ್ರತಿ ಡೋಸ್‌ನ ಲೆಕ್ಕವೂ ತಪ್ಪುತ್ತೆ.

ಭಾರತದ ವೀರ್ಯ ಕೇಂದ್ರಗಳ ಮಾನದಂಡದ ಪ್ರಕಾರ 0.25 ಮಿಲೀ ಸ್ಟ್ರಾ ಒಂದರಲ್ಲಿ 2 ಕೋಟಿ ವೀರ್ಯಾಣು ಇರಬೇಕು. ಹೋರಿ 5 ಮಿಲೀ ಕೊಟ್ಟರೆ ಅದರಲ್ಲಿ 500 ಕೋಟಿ. 2 ಕೋಟಿಯಿಂದ ಭಾಗಿಸಿದರೆ 250 ಸ್ಟ್ರಾ. ಹೋರಿ ಒಂದು ಸಲ ಹತ್ತಿದರೆ ಒಂದು ಆಕಳು, ಅದೇ ವೀರ್ಯ ಸ್ಟ್ರಾಗೆ ಹೋದರೆ 250 ಆಕಳು.

ಓಟ

ಹೋರಿಯ ವೀರ್ಯಾಣು ಸುಮಾರು 70 ಮೈಕ್ರೋಮೀಟರ್ ಉದ್ದ, ಬಹುಪಾಲು ಬಾಲವೇ. ಮೊದಲು ಒಂದು ಹನಿಯನ್ನು ಹಾಗೇ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಸಾಮೂಹಿಕ ಚಲನೆ ನೋಡುತ್ತಾರೆ. ಚೆನ್ನಾಗಿದ್ದರೆ ಗಾಳಿಗೆ ಜೋಳದ ಹೊಲ ಓಲಾಡಿದಂತೆ ಅಲೆ ಕಾಣುತ್ತೆ. ಇದಕ್ಕೆ ಅಂಕ ಕೊಡುತ್ತಾರೆ. ಆಮೇಲೆ ತೆಳು ಮಾಡಿ, ಒಂದೊಂದಾಗಿ ನೋಡಿ, ನೂರರಲ್ಲಿ ಎಷ್ಟು ನೇರವಾಗಿ ಮುಂದೆ ಹೋಗುತ್ತವೆ ಅಂತ ಅಂದಾಜು ಮಾಡುತ್ತಾರೆ. ಹೆಪ್ಪುಗಟ್ಟಿಸಬೇಕಾದ ವೀರ್ಯದಲ್ಲಿ ಇದು ಸುಮಾರು 70 ಇರಬೇಕು.

ಇಲ್ಲಿ ಎರಡು ತಪ್ಪು ಆಗಬಹುದು. ಒಂದು, ಸ್ಲೈಡ್ ತಣ್ಣಗಿದ್ದರೆ ಒಳ್ಳೆಯ ವೀರ್ಯವೂ ಸತ್ತಂತೆ ಕಾಣುತ್ತೆ. ಸ್ಲೈಡ್, ಪೈಪೆಟ್, ಸ್ಟೇಜ್ ಎಲ್ಲವೂ 37 ಡಿಗ್ರಿ ಇರಬೇಕು. ಎರಡು, ನೋಡುವ ಕಣ್ಣು. ಒಂದೇ ಹನಿಗೆ ಒಬ್ಬರು 60 ಅಂದರೆ ಇನ್ನೊಬ್ಬರು 75 ಅನ್ನಬಹುದು.

ಕಣ್ಣಿನ ಭೇದ ಕಡಿಮೆ ಮಾಡೋಕೆ ಬಂದದ್ದು ಕಾಸಾ, ಅಂದ್ರೆ ಕಂಪ್ಯೂಟರ್ ನೆರವಿನ ವೀರ್ಯ ವಿಶ್ಲೇಷಣೆ. ಕ್ಯಾಮೆರಾ ಸೆಕೆಂಡಿಗೆ 60ರಂತೆ ಫ್ರೇಮ್ ತೆಗೆಯುತ್ತೆ, ಸಾಫ್ಟ್‌ವೇರ್ ಪ್ರತಿ ತಲೆಯನ್ನು ಗುರುತಿಸಿ ಫ್ರೇಮ್‌ನಿಂದ ಫ್ರೇಮ್‌ಗೆ ಅದರ ದಾರಿ ಜೋಡಿಸುತ್ತೆ. ಒಂದು ವೀರ್ಯಾಣು ಒಂದು ಸೆಕೆಂಡಿನಲ್ಲಿ ಅಂಕುಡೊಂಕಾಗಿ 120 ಮೈಕ್ರೋಮೀಟರ್ ಓಡಿ, ಹೊರಟ ಜಾಗದಿಂದ ನೇರವಾಗಿ 80 ಮೈಕ್ರೋಮೀಟರ್ ದೂರ ಮುಟ್ಟಿತು ಅಂತಿಟ್ಟುಕೊಳ್ಳಿ. 80 ಭಾಗಿಸು 120, ನೇರತೆ ಸುಮಾರು 67 ಶೇಕಡ. ಒಂದೇ ಕಡೆ ಸುತ್ತುವ ವೀರ್ಯಾಣುವಿಗೆ ವೇಗ ಇರುತ್ತೆ, ನೇರತೆ ಇರಲ್ಲ. ಫ್ರೇಮ್ ರೇಟ್ ಕಡಿಮೆ ಇದ್ದರೆ ಡೊಂಕುಗಳು ತಪ್ಪಿಹೋಗಿ ದಾರಿ ಚಿಕ್ಕದಾಗಿ ಕಾಣುತ್ತೆ. ಸಿಗ್ನಲ್ಸ್ ಕ್ಲಾಸ್‌ನ ಸ್ಯಾಂಪ್ಲಿಂಗ್ ಇಲ್ಲೂ ಬಂತು. ಹಾಗಾಗಿ ಎರಡು ಲ್ಯಾಬ್‌ಗಳ ಕಾಸಾ ಅಂಕಿಗಳನ್ನು ಸೆಟ್ಟಿಂಗ್ ನೋಡದೆ ಹೋಲಿಸಬಾರದು.

ಆಕಾರ ಮತ್ತು ಪೊರೆ

ಓಡುವುದೆಲ್ಲ ಸರಿಯಾಗಿರಲ್ಲ. ತಲೆ ಸೊಟ್ಟ, ಬಾಲ ಸುರುಳಿ, ಕುತ್ತಿಗೆಯಲ್ಲಿ ಹನಿ ಉಳಿದಿರೋದು, ಹೀಗೆ ದೋಷ ಬಹಳ. ಹೋರಿಗೆ ಬಿಡುವ ಪದ್ಧತಿಗೆ ಅಮೆರಿಕದ ಆ ಮಾನದಂಡ ಕನಿಷ್ಠ 70 ಶೇಕಡ ಸರಿಯಾದ ಆಕಾರ ಕೇಳುತ್ತೆ, ಚಲನೆ ಮಾತ್ರ 30 ಶೇಕಡ ಇದ್ದರೂ ಸಾಕು ಅನ್ನುತ್ತೆ. ಓಟಕ್ಕಿಂತ ಆಕಾರಕ್ಕೆ ಯಾಕೆ ಹೆಚ್ಚು ಬೆಲೆ ಅನ್ನೋದನ್ನ ಮುಂದೆ ನೋಡೋಣ.

ಬದುಕಿದೆಯಾ ಸತ್ತಿದೆಯಾ ತಿಳಿಯಲು ಇಯೋಸಿನ್ ನಿಗ್ರೋಸಿನ್ ಬಣ್ಣ ಹಾಕುತ್ತಾರೆ. ಪೊರೆ ಒಡೆದದ್ದು ಇಯೋಸಿನ್ ಕುಡಿದು ಗುಲಾಬಿಯಾಗುತ್ತೆ, ಪೊರೆ ಗಟ್ಟಿಯಿದ್ದದ್ದು ಕಪ್ಪು ಹಿನ್ನೆಲೆಯಲ್ಲಿ ಬಿಳಿಯಾಗಿ ಉಳಿಯುತ್ತೆ. ಇನ್ನೊಂದು ಸರಳ ಪರೀಕ್ಷೆಯಲ್ಲಿ ವೀರ್ಯಾಣುವನ್ನು ಉಪ್ಪಿನಂಶ ಕಡಿಮೆ ಇರುವ ದ್ರಾವಣಕ್ಕೆ ಹಾಕುತ್ತಾರೆ. ಪೊರೆ ಕೆಲಸ ಮಾಡುತ್ತಿದ್ದರೆ ನೀರು ಒಳಗೆ ನುಗ್ಗಿ ಬಾಲ ಊದಿ ಸುರುಳಿಯಾಗುತ್ತೆ. ಇಲ್ಲಿ ಮಾತ್ರ ಬಾಲ ಸುರುಳಿಯಾದರೆ ಪಾಸ್. ಒಸ್ಮೋಸಿಸ್ ಅಷ್ಟೇ, ದೊಡ್ಡ ಯಂತ್ರ ಬೇಡ.

ಹೆಪ್ಪುಗಟ್ಟಿದ ಮೇಲೆ

ಸ್ಟ್ರಾಗಳನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇಡುತ್ತಾರೆ. ಐಸ್ ಹರಳು ಪೊರೆ ಹರಿಯದಿರಲಿ ಅಂತ ಗ್ಲಿಸರಾಲ್ ಬೆರೆಸುತ್ತಾರೆ. 1949ರಲ್ಲಿ ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಕಂಡುಹಿಡಿದ ಉಪಾಯ ಇದು. ಆದರೂ ಒಂದು ದೊಡ್ಡ ಪಾಲು ಸಾಯುತ್ತೆ. ಅದಕ್ಕೇ ಒಂದು ಸ್ಟ್ರಾ ಕರಗಿಸಿ ಮತ್ತೆ ನೋಡುತ್ತಾರೆ, ಕನಿಷ್ಠ 50 ಶೇಕಡ ಓಡಬೇಕು. ಇಲ್ಲದಿದ್ದರೆ ಆ ಬ್ಯಾಚ್ ಬಳಸುವಂತಿಲ್ಲ.

ಇಷ್ಟೆಲ್ಲ ಹೆಸರಘಟ್ಟದಂಥ ಜಾಗದಲ್ಲಿ ನಡೆಯುತ್ತೆ. ಅಲ್ಲಿಂದ ಹಳ್ಳಿಯ ಕೊಟ್ಟಿಗೆಗೆ ಬರುವ ದಾರಿಯಲ್ಲಿ ಕ್ಯಾನ್‌ನಲ್ಲಿ ನೈಟ್ರೋಜನ್ ಕಡಿಮೆಯಾದರೆ? ಮೇ ತಿಂಗಳ 40 ಡಿಗ್ರಿಯಲ್ಲಿ ಸ್ಟ್ರಾವನ್ನು ಕ್ಯಾನ್‌ನ ಕುತ್ತಿಗೆಗಿಂತ ಮೇಲೆ ಎತ್ತಿ ಹುಡುಕಿದರೆ? ಒಳಗೂ ಹೊರಗೂ 236 ಡಿಗ್ರಿ ಅಂತರ, ಕಾಲು ಮಿಲೀ ದ್ರವ, ಬಿಸಿಯಾಗಲು ಕೆಲವೇ ಸೆಕೆಂಡು ಸಾಕು. ಮತ್ತೆ ಒಳಗೆ ಇಳಿಸಿದರೆ ಹೊರಗಿನಿಂದ ನೋಡಲು ಸ್ಟ್ರಾ ಹಾಗೇ ಇರುತ್ತೆ, ಒಳಗಿನದು ಸತ್ತಿರಬಹುದು. ಕರಗಿಸುವುದೂ 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್, ಥರ್ಮಾಮೀಟರ್ ಇಟ್ಟು. ಅಂಗೈಯಲ್ಲಿ ಉಜ್ಜಿಯಲ್ಲ.

ಪರೀಕ್ಷೆ ಪಾಸಾದರೆ ಗಬ್ಬ ಗ್ಯಾರಂಟಿನಾ?

ಇಲ್ಲ. ಇದು ಈ ಪಾಠದ ಮುಖ್ಯ ಭಾಗ.

ವೀರ್ಯದ ದೋಷಗಳು ಎರಡು ಬಗೆ. ಒಂದು, ಸಂಖ್ಯೆ ಹೆಚ್ಚಿಸಿ ಸರಿದೂಗಿಸಬಹುದಾದವು. ಓಡದ ವೀರ್ಯಾಣು ಅಂಡದ ಹತ್ತಿರ ಹೋಗೋದೇ ಇಲ್ಲ, ಬೇರೆಯವು ಆ ಕೆಲಸ ಮಾಡುತ್ತವೆ. ಎರಡು, ಸರಿದೂಗಿಸಲಾಗದವು. ಚೆನ್ನಾಗಿ ಓಡುತ್ತೆ, ಅಂಡವನ್ನೂ ಸೇರುತ್ತೆ, ಆದರೆ ಒಳಗಿನ ಡಿಎನ್‌ಎ ಕೆಟ್ಟಿರುತ್ತೆ, ಭ್ರೂಣ ಕೆಲವು ದಿನಗಳಲ್ಲಿ ಸಾಯುತ್ತೆ. ಇಂಥದ್ದು ಎಷ್ಟು ಕೋಟಿ ಹಾಕಿದರೂ ಪ್ರಯೋಜನ ಇಲ್ಲ. ಹೋರಿಗೆ ಬಿಡುವಲ್ಲಿ ಓಟಕ್ಕಿಂತ ಆಕಾರಕ್ಕೆ ಹೆಚ್ಚು ಬೆಲೆ ಕೊಡೋದು ಇದಕ್ಕೇ: ಅಲ್ಲಿ ಸ್ಟ್ರಾಗಿಂತ ನೂರಾರು ಪಟ್ಟು ವೀರ್ಯಾಣು ಬೀಳುತ್ತೆ, ಓಟದ ಕೊರತೆ ಮುಚ್ಚಿಹೋಗುತ್ತೆ, ತಲೆಯ ದೋಷ ಮುಚ್ಚಿಹೋಗಲ್ಲ.

ಹಾಗಾಗಿ ಯಾವ ಒಂದು ಪರೀಕ್ಷೆಯೂ ಒಂಟಿಯಾಗಿ ಫಲವತ್ತತೆ ಹೇಳಲ್ಲ. ಹಲವು ಸೇರಿಸಿದರೆ ಅಂದಾಜು ಉತ್ತಮವಾಗುತ್ತೆ. ತೀರಾ ಕೆಟ್ಟ ಹೋರಿಯನ್ನು ಇವು ಹಿಡಿಯುತ್ತವೆ, ಪಾಸಾದ ಹತ್ತು ಹೋರಿಗಳಲ್ಲಿ ಯಾವುದು ಮೇಲು ಅಂತ ಹೇಳಲು ತಿಣುಕುತ್ತವೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಹಾಗೂ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರದಲ್ಲಿ ವೀರ್ಯಾಣುವಿನ ಆರ್‌ಎನ್‌ಎ, ಪ್ರೋಟೀನ್‌ಗಳಲ್ಲಿ ಇದರ ಸುಳಿವು ಹುಡುಕುವ ಸಂಶೋಧನೆ ನಡೆದಿದೆ.

ಕೊನೆಯ ತೀರ್ಪು ಆಕಳ ಹೊಟ್ಟೆಯದೇ: ಎಷ್ಟು ಹಾಕಿದರು, ಎಷ್ಟು ಗಬ್ಬ ನಿಂತವು. ಆದರೆ ಇದಕ್ಕೂ ಸ್ಟ್ಯಾಟಿಸ್ಟಿಕ್ಸ್ ಬೇಕು. ಹೋರಿಯ ನಿಜವಾದ ಗಬ್ಬದ ಪ್ರಮಾಣ 50 ಶೇಕಡ ಇದ್ದರೆ, 20 ಆಕಳಿಗೆ ಹಾಕಿ ನೋಡಿದಾಗ ಉತ್ತರ ಸುಮಾರು 28ರಿಂದ 72ರವರೆಗೆ ಎಲ್ಲಿ ಬೇಕಾದರೂ ಬರಬಹುದು. 100 ಆಕಳಾದರೆ 40ರಿಂದ 60. 1000 ಆದರೆ 47ರಿಂದ 53. ಒಂದು ಊರಿನವರು ತಮ್ಮ ಅನುಭವದಿಂದ "ಈ ಹೋರಿ ಸರಿಯಿಲ್ಲ" ಅಂತ ಖಚಿತವಾಗಿ ಹೇಳುವುದು ಕಷ್ಟ. ಎಲ್ಲ ಊರಿನ ಲೆಕ್ಕ ಒಂದೇ ಕಡೆ ಸೇರಿದರೆ ಮಾತ್ರ ಹೇಳಬಹುದು.

ಆ ಆಕಳಿನ ಲೆಕ್ಕ

ಈಗ ದೊಡ್ಡಪ್ಪನ ಆಕಳಿಗೆ ಬರೋಣ. ಮುಂದಿನ ಅಂಕಿಗಳು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡವು, ಸಮೀಕ್ಷೆಯವಲ್ಲ.

100 ಆಕಳಲ್ಲಿ 10ಕ್ಕೆ ನಿಜವಾಗಿಯೂ ದೋಷ ಇದೆ, ಗಬ್ಬ ನಿಲ್ಲಲ್ಲ ಅಂತಿಟ್ಟುಕೊಳ್ಳೋಣ. ಉಳಿದ 90 ಆರೋಗ್ಯವಾಗಿವೆ, ಒಂದು ಸೂಜಿಗೆ ಗಬ್ಬ ನಿಲ್ಲುವ ಸಾಧ್ಯತೆ 40 ಶೇಕಡ. ಆರೋಗ್ಯವಂತ ಆಕಳು ಮೂರು ಸಲವೂ ತಪ್ಪುವ ಸಾಧ್ಯತೆ 0.6 ಗುಣಿಸು 0.6 ಗುಣಿಸು 0.6, ಅಂದ್ರೆ 0.216. 90ರಲ್ಲಿ ಸುಮಾರು 19. ದೋಷದ 10 ಸೇರಿಸಿದರೆ ಮೂರು ಸಲ ತಪ್ಪಿದವು 29. ಆ 29ರಲ್ಲಿ 19 ಆರೋಗ್ಯವಂತ ಆಕಳು! ಮೂರರಲ್ಲಿ ಎರಡು.

ಇನ್ನು ವೀರ್ಯವೇ ಸೊರಗಿದ್ದು ಸಾಧ್ಯತೆ 20ಕ್ಕೆ ಇಳಿದರೆ? 0.8ರ ಘನ 0.512. 90ರಲ್ಲಿ 46 ಆಕಳು ತಮ್ಮ ತಪ್ಪಿಲ್ಲದೆ ಮೂರು ಸಲ ತಪ್ಪುತ್ತವೆ.

ಈ ಲೆಕ್ಕವನ್ನು ಫೋನ್‌ನಲ್ಲಿ ದೊಡ್ಡಪ್ಪನಿಗೆ ಹೇಳಿದೆವು. "ಹಂಗಾರ ಅದು ಗೊಡ್ಡು ಅಲ್ಲೇನು?" ಅಂದರು. ಗೊತ್ತಿಲ್ಲ ಅಂದೆವು. ನಿಜಕ್ಕೂ ಗೊತ್ತಿಲ್ಲ. ಆದರೆ ಮಾರುವ ಮೊದಲು ದನದ ದವಾಖಾನೆಯಲ್ಲಿ ಒಮ್ಮೆ ಗರ್ಭಕೋಶ ನೋಡಿಸಿದ್ದರೆ ಗೊತ್ತಾಗುವ ಸಾಧ್ಯತೆ ಇತ್ತು. ಸ್ಟ್ರಾ ಮೇಲಿನ ನಂಬರ್ ಬರೆದಿಟ್ಟಿದ್ದರೆ ಮೂರು ಸಲವೂ ಒಂದೇ ಹೋರಿಯದಾ ಅಂತಾದರೂ ತಿಳಿಯುತ್ತಿತ್ತು.

ಮನೆಯವರಿಗೆ ಹೇಳಬಹುದಾದದ್ದು

ರಜೆಗೆ ಊರಿಗೆ ಹೋದಾಗ ಇಷ್ಟು ಹೇಳಿ:

1. ಪ್ರತಿ ಸ್ಟ್ರಾ ಮೇಲೆ ಹೋರಿಯ ನಂಬರ್, ತಳಿ, ಕೇಂದ್ರ, ತಾರೀಖು ಅಚ್ಚಾಗಿರುತ್ತೆ. ಸೂಜಿ ಹಾಕಿದ ಮೇಲೆ ಖಾಲಿ ಸ್ಟ್ರಾ ಕೇಳಿ ಇಟ್ಟುಕೊಳ್ಳಿ, ಅಥವಾ ಫೋನ್‌ನಲ್ಲಿ ಫೋಟೋ ತೆಗೆಯಿರಿ.

2. ಆಕಳ ಕಿವಿಯ 12 ಅಂಕಿಯ ಟ್ಯಾಗ್ ಜೊತೆ ಸೂಜಿಯ ವಿವರ ದಾಖಲಾಗಿದೆಯಾ ಅಂತ ಕೇಳಿ. ಸಾವಿರ ಆಕಳ ಲೆಕ್ಕ ಒಂದೇ ಕಡೆ ಸೇರುವ ದಾರಿ ಅದೊಂದೇ.

3. ಮುಂಜಾನೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಹಾಕಿಸಿ. ಹೊತ್ತು ತಪ್ಪಿದರೆ ಎಂಥ ಹೋರಿಯದೂ ಕೆಲಸಕ್ಕೆ ಬರಲ್ಲ.

4. ಊರಲ್ಲಿ ಬೀಜದ ಹೋರಿ ಇದ್ದರೆ ಬೇಸಿಗೆಯಲ್ಲಿ ನೆರಳು, ನೀರು ಕೊಡಿ. ಜ್ವರ ಬಂದಿದ್ದರೆ ಎರಡು ತಿಂಗಳು ಅದನ್ನೇ ನಂಬಿ ಕೂರಬೇಡಿ. ಪಶುವೈದ್ಯರಿಂದ ರೋಗ ಪರೀಕ್ಷೆ ಮಾಡಿಸಿ.

5. ಮೂರು ಸಲ ತಪ್ಪಿದರೆ ಗೊಡ್ಡು ಅನ್ನುವ ಮೊದಲು ಆಕಳನ್ನು ಡಾಕ್ಟರಿಗೆ ತೋರಿಸಿ, ನಾಲ್ಕನೇ ಸಲ ಬೇರೆ ಹೋರಿಯ ಸ್ಟ್ರಾ ಕೇಳಿ.

ದೊಡ್ಡಪ್ಪ ಈಗ ಇನ್ನೊಂದು ಆಕಳು ತಂದಿದ್ದಾರೆ. ಹೋದ ವಾರ ಅದಕ್ಕೆ ಸೂಜಿ ಹಾಕಿಸಿದ ಮೇಲೆ ನಮ್ಮ ವಾಟ್ಸಾಪ್‌ಗೆ ಒಂದು ಫೋಟೋ ಬಂತು: ಅಂಗೈ ಮೇಲೆ ಖಾಲಿ ಸ್ಟ್ರಾ. ನಂಬರ್ ಸ್ವಲ್ಪ ಮಸುಕಾಗಿದೆ, ಆದರೂ ಓದಬಹುದು.